ಎರಡು ನೀರು ಚೆಲ್ಲಿದ ಆಲೂಗಡ್ಡೆ

ಆಲೂಗಡ್ಡೆ ಸಣ್ಣಗೆ ಹೆಚ್ಚಿ ಕುದಿಸಬೇಕು,
ಆ ನೀರು ಚೆಲ್ಲಬೇಕು.
ಮತ್ತೆ ಹೊಸ ನೀರಿಟ್ಟು ಕುದಿಸಿ ಅದನ್ನೂ ಚೆಲ್ಲಬೇಕು.
ಉಳಿದದ್ದು ನನ್ನ ಪಾಲು.
ಸುಗಂಧಿ ಸಿಂಕಿನೆದುರು ನಿಂತು ಬಸಿಯುತ್ತಾಳೆ.
ಕಿಟಕಿಗೆ ಆವಿ ಹಿಡಿದು
ಗ್ರಿಮ್ಸ್‌ಬಿಯ ಬಂದರು ಮರೆಯಾಗುತ್ತದೆ.
"ರುಚಿ ಎಲ್ಲಾ ಹೊಳಿಗ್ ಹೋಯ್ತ್ ಕಾಣಿ" ಅನ್ನುತ್ತಾಳೆ.
ಹೊಳೆ ಅಂದರೆ ಇಲ್ಲಿ ಹಂಬರ್.

ಈ ಊರಿನ ಹೊಗೆಮನೆಯಲ್ಲಿ ಮೂವತ್ತೊಂದು ವರ್ಷ
ಹ್ಯಾಡಕ್ ಮೀನು ಉಪ್ಪುನೀರಿಗೆ ಅದ್ದಿದವ ನಾನು.
ಗಡಿಯಾರ ನೋಡಿದವನಲ್ಲ;
ಹೆಬ್ಬೆರಳಲ್ಲಿ ಒತ್ತಿದರೆ ಮೀನೇ ಹೇಳುತ್ತಿತ್ತು, ಸಾಕು.
ನನ್ನ ಬೆನ್ನೊಳಗಿನ ಎರಡು
ಹಾಗೇನೂ ಹೇಳಲಿಲ್ಲ. ಒಂದು ದಿನವೂ ನೋಯಲಿಲ್ಲ.
ಮೂತ್ರದಲ್ಲಿ ನೊರೆ ಕಂಡಾಗ
ಇವಳು ಹೊಸ ಸೋಪು ಹಾಕಿ ತೊಳೆದಿರಬೇಕು ಅಂದುಕೊಂಡೆ.
ಸಂಜೆ ಕಾಲ್ಚೀಲ ಕಳಚಿದರೆ
ಅದರ ಅಂಚು ಚರ್ಮದ ಮೇಲೇ ಉಳಿಯುತ್ತಿತ್ತು.
ಅಷ್ಟು ವರ್ಷ ನಿಂತ ಕಾಲು, ಇನ್ನೇನಾದೀತು, ಅಂದುಕೊಂಡೆ.

ಡಾಕ್ಟರಮ್ಮ ಹೇಳಿದ ಅಂಕಿ ಇಪ್ಪತ್ತೇಳು.
ಹೆಚ್ಚುಕಡಿಮೆ ನೂರಕ್ಕೆ ಎಂದು ತಿಳಿದುಕೊಳ್ಳಿ, ಅಂದರು.
ಗಂಗೊಳ್ಳಿ ಶಾಲೆಯಲ್ಲಿ ಲೆಕ್ಕಕ್ಕೂ ಅಷ್ಟೇ ಬಂದಿತ್ತು ನನಗೆ.
ನಲವತ್ತು ದಾಟಿದರೆ ವರ್ಷಕ್ಕೊಂದರಂತೆ
ಬಹುಪಾಲು ಜನರದೂ ಇಳಿಯುತ್ತದಂತೆ;
ಅದು ವಯಸ್ಸಿನ ಪಾಲು.
ಸಕ್ಕರೆ ಕಾಯಿಲೆಯದು ಎಷ್ಟು, ಬಿಪಿಯದು ಎಷ್ಟು,
ತಿಂದದ್ದೆಷ್ಟು, ಅಪ್ಪನಿಂದ ಇಳಿದು ಬಂದದ್ದೆಷ್ಟು?
ಮುಳುಗಿದ ದೋಣಿಯ ಸಾಲ ಹಂಚಿಕೊಳ್ಳಲು ಕೂತ ಅಣ್ಣತಮ್ಮಂದಿರ ಹಾಗೆ
ಯಾರೂ ಪೂರ್ತಿ ತನ್ನದೆಂದು ಒಪ್ಪುವುದಿಲ್ಲ.

ಪಥ್ಯ ಹೇಳುವ ಹುಡುಗಿ ಬ್ರಯೊನಿ
ಫ್ರಿಜ್ಜಿಗೆ ಅಂಟಿಸಲು ಒಂದು ಕಾಗದ ಕೊಟ್ಟಳು.
ಬಾಳೆಹಣ್ಣು ಬೇಡ. ಟೊಮೆಟೊ ಕಡಿಮೆ. ಕೋಲಾ ಬೇಡವೇ ಬೇಡ.
ಬಸಳೆ ಅವಳಿಗೆ ಗೊತ್ತಿರಲಿಲ್ಲ,
ನಾನೂ ಬಾಯಿ ಬಿಡಲಿಲ್ಲ.
ಆದರೆ ಎಳನೀರು ಗೊತ್ತಿತ್ತು, ಡಬ್ಬಿಯಲ್ಲಿ ಬರುತ್ತದಲ್ಲ.
ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ,
ಕಿಡ್ನಿ ಸೋತವರ ಎದೆಬಡಿತ ನಿಂತುಬಿಡಬಹುದು, ಅಂದಳು.

ನನಗೆ ನಗು ಬಂತು. ಆಮೇಲೆ ಬರಲಿಲ್ಲ.

ಅಪ್ಪನ ಮುಖ ಊದಿಕೊಂಡದ್ದು ಐವತ್ತೆಂಟಕ್ಕೆ.
ಮೈಯೆಲ್ಲ ತುರಿಕೆ. ಬಿಕ್ಕಳಿಕೆ ಎರಡು ದಿನ ಬಿಡಲಿಲ್ಲ.
ಹೊಟ್ಟೆ ತಂಪಾಗಲಿ ಅಂದರು ಎಲ್ಲರೂ.
ಮರ ಹತ್ತುವವ ಸಿಗದೆ ನಾನೇ ಹತ್ತಿದೆ,
ನಾನೇ ಕೆತ್ತಿದೆ,
ಚಮಚದಿಂದ ನಾನೇ ಬಿಟ್ಟೆ.
ಕೊನೆಯ ಸಂಜೆ ಎಷ್ಟು ಕಾಯಿ ಎಂದು ಎಣಿಸಿರಲಿಲ್ಲ.
ಈಗ ಎಣಿಸುತ್ತೇನೆ.

ಬ್ರಯೊನಿಯನ್ನು ಕೇಳಬಹುದಿತ್ತು. ಕೇಳಲಿಲ್ಲ.
ಅವಳ ಮುಂದಿನ ರೋಗಿ ಆಗಲೇ ಬಾಗಿಲಲ್ಲಿ ಕೆಮ್ಮುತ್ತಿದ್ದ.

ಪಕ್ಕದ ಬೀದಿಯ ಮಾರಿಸ್ ಎಲ್ಲರ್‌ಬಿ ವಾರಕ್ಕೆ ಮೂರು ದಿನ
ಯಂತ್ರಕ್ಕೆ ರಕ್ತ ಕೊಟ್ಟು ವಾಪಸು ಪಡೆಯುತ್ತಾನೆ.
ಐಸ್‌ಲ್ಯಾಂಡಿನವರೆಗೆ ಟ್ರಾಲರ್ ಓಡಿಸಿದವ,
ಈಗ ದಿನಕ್ಕೆ ಅಳತೆಯ ಮೂರು ಲೋಟ, ನಡುವೆ ಒಂದು ಐಸ್ ತುಂಡು.
ಉಪ್ಪು ತಿಂದವ ನೀರು ಕುಡಿಯಲೇಬೇಕು
ಅಂತ ನಮ್ಮಲ್ಲೊಂದು ಗಾದೆ, ಎಂದೆ.
ನಿಮ್ಮವರು ನನ್ನ ನರ್ಸಮ್ಮನನ್ನು ನೋಡಿಲ್ಲ, ಎಂದ.
ತೋಳು ಚಾಚಿ, ಮುಟ್ಟು, ಅಂದ.
ರಕ್ತನಾಳಗಳನ್ನು ಹೊಲಿದು ಕೂಡಿಸಿದ ಜಾಗ
ಚರ್ಮದಡಿ ಗುರುಗುಡುತ್ತಿತ್ತು,
ದಡದಲ್ಲಿ ಕಟ್ಟಿಹಾಕಿದರೂ
ಎಂಜಿನ್ ಆರಿಸದ ದೋಣಿ.

ಮೊನ್ನೆ ಹಿತ್ತಿಲ ಬಾಗಿಲ ಹತ್ತಿರ ಸುಗಂಧಿಯನ್ನು ಕಂಡೆ.
ಮಿಡಿಮಾವಿನ ಭರಣಿ ಕಂಕುಳಲ್ಲಿ,
ಈ ಊರಿನ ಚಳಿಗಾಳಿಗೆ ಮುಖ ಕೊಟ್ಟು
ನಿಂತೇ ತಿನ್ನುತ್ತಿದ್ದಳು, ನನಗೆ ವಾಸನೆ ಬಾರದಿರಲಿ ಎಂದು.
ಹೊಗೆಮನೆಯಲ್ಲಿ ದುಡಿದ ಮೂಗು, ಬಾರದೇ ಇರುತ್ತದೆಯೇ.

ಮೇಜಿಗೆ ಬಂದು ಅವಳೂ
ಅದೇ ಸಪ್ಪೆ ಆಲೂಗಡ್ಡೆ ಬಡಿಸಿಕೊಂಡಳು.
ಅವಳ ಉಗುರಿನಂಚಿನ ಕೆಂಪು
ಕಾಣದವನ ಹಾಗೆ ತಟ್ಟೆ ಮುಂದೆ ಮಾಡಿ
ಇನ್ನೆರಡು ತುಂಡು ಹಾಕು, ಅಂದೆ.