ಕಣ್ಣಿನ ಅಳತೆ

ಬೂತಾಯಿಗೆ ಒಂದು ಬೆರಳು,
ಬಂಗುಡೆಗೆ ಎರಡಕ್ಕೆ ತುಸು ಕಡಿಮೆ,
ಅಂಜಲಿಗೆ ಮೂರು ದಾಟಬೇಕು.
ಬಲೆಯ ಕಣ್ಣಿನ ಲೆಕ್ಕ ನನಗೆ
ಮಗ್ಗಿಗಿಂತ ಮೊದಲೇ ಬಾಯಿಗೆ ಬಂದದ್ದು.
ಚೆಂಡಿಗೆ ಎಷ್ಟೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಐಸ್ ಪ್ಲಾಂಟ್ ಮುಚ್ಚಿದ ಗ್ಲಾಡ್ಸನ್ ಸೋಜರು
ಕಿಸೆಯಿಂದ ಹಸಿರು ಟೆನ್ನಿಸ್ ಚೆಂಡು ತೆಗೆದು
ನನ್ನ ಮಡಿಲಿಗೆ ಹಾಕಿದರು:
ಇದು ಹೊರಗೆ ಹೋಗಬಾರದು, ವಾಮನಣ್ಣ. ಅಷ್ಟೆ.

ಕಲ್ಮಾಡಿಯ ಬೈಲಿನಲ್ಲಿ ಈಗ ಪ್ಲಾಸ್ಟಿಕ್ ಹುಲ್ಲು.
ಅದಕ್ಕೆ ನೀರು ಬೇಡ, ಗೊಬ್ಬರ ಬೇಡ,
ಗಂಟೆಗೆ ಎಂಟುನೂರು;
ದೀಪ ಹಾಕಿದರೆ ಸಾವಿರದಿನ್ನೂರು.
ಬೋಟುಗಳೆಲ್ಲ ಮಲ್ಪೆ ದಕ್ಕೆಯಲ್ಲಿ ಕಟ್ಟಿಬಿದ್ದ ಜೂನಿನಲ್ಲಿ
ಮಳೆ ಬಿಟ್ಟ ಹೊತ್ತು ನೋಡಿ ಏಣಿ ಹತ್ತಿದೆ.
ಐವತ್ತೆರಡು ವರ್ಷ ನೀರಿಗೆ ಬಲೆ ಬಿಟ್ಟವನು
ಮೊದಲ ಸಲ ಗಾಳಿಗೆ ಬಿಟ್ಟೆ.
ಮೇಲಿಂದ ನೋಡಿದರೆ ಒಳಗೆ ಓಡುವ ಹುಡುಗರು...
ಬೇಡ, ಆ ಮಾತು ಸುಲಭ. ಅವರು ಮೀನಲ್ಲ.
ದುಡ್ಡು ಕೊಟ್ಟು ಒಳಗೆ ಬಂದವರು.

ಹರಾಜು ನಮಗೆ ಹೊಸತೇನಲ್ಲ ಮಾರಾಯ್ರೆ.
ಬೆಳಗಿನ ಜಾವ ದಕ್ಕೆಯಲ್ಲಿ ಬುಟ್ಟಿ ಬುಟ್ಟಿ ಕೂಗುತ್ತಾರೆ,
ಟಿವಿಯಲ್ಲಿ ಕೋಟು ಹಾಕಿದವರು ಕೋಟಿ ಕೂಗುತ್ತಾರೆ.
ಈಗ ಅಂಡರ್‌ಆರ್ಮ್ ಪಂದ್ಯಕ್ಕೂ ಹಾಲ್ ಹಿಡಿದು ಹರಾಜು.
ನನ್ನ ಜೊತೆ ಬೋಟಿಗೆ ಬರುತ್ತಿದ್ದ ಮೋನಪ್ಪನ ಮಗ ಯತಿರಾಜ
ಆರು ಸಾವಿರಕ್ಕೆ ಹೋದ, ಜೆರ್ಸಿ ಸಹಿತ.
ಎದೆಗೆ ಫೈನಾನ್ಸು, ಬೆನ್ನಿಗೆ ಫಿಶ್‌ಮೀಲ್ ಫ್ಯಾಕ್ಟರಿ,
ತೋಳಿಗೆ ಚಿನ್ನದಂಗಡಿ.
ಅವನ ಹೆಸರಿಗೆ ಸೊಂಟದ ಹತ್ತಿರ
ಸ್ವಲ್ಪ ಜಾಗ ಉಳಿದಿತ್ತು.
ಮನೆಯಲ್ಲಿ ಆ ದಿನ ಕೋಳಿ ಸುಕ್ಕ.
ಮೀನಿಗೆ ತನ್ನ ಬೆಲೆ ಕೇಳಿಸುವುದಿಲ್ಲ.
ಯತಿರಾಜನಿಗೆ ಕೇಳಿಸಿತು;
ಎರಡನೇ ಕೂಗಿಗೆ ಮುಂಚಿನ ಮೌನವೂ.

ದೀಪಾವಳಿ ಕಳೆದು ಫೋನು: ಬಲೆ ತೂತಾಗಿದೆ.
ತೋಡಿನ ಕಡೆಯ ಮೂಲೆ, ನೆಲದಿಂದ ಎರಡು ಮೊಳ.
ಹೊಲಿದೆ. ಮುನ್ನೂರು ಕೊಟ್ಟರು.
ಹದಿನೈದು ದಿನಕ್ಕೆ ಮತ್ತೆ ಫೋನು, ಅದೇ ಮೂಲೆ.
ಹೆಗ್ಗಣ ಎಂದರು ಸೋಜರು.
ಹೆಗ್ಗಣ ಕಡಿದರೆ ನೂಲು ಜೂಲಾಗುತ್ತದೆ.
ಇದು ಗಂಟನ್ನು ಮುಟ್ಟದೆ
ಪಕ್ಕದಲ್ಲಿ ಓರೆಯಾಗಿ ಎಳೆದ ಚೂರಿ,
ಮತ್ತೆ ಹೊಲಿಯುವವನಿಗೆ ಕಷ್ಟವಾಗದ ಹಾಗೆ.
ಹಾಗೆ ಕೊಯ್ಯಲು ನಾನು
ಒಬ್ಬಳಿಗೆ ಮಾತ್ರ ಕಲಿಸಿದ್ದೇನೆ.

ತಂಗಿಯ ಮಗಳು ನಿಶ್ಮಿತಾ, ಏಳನೇ ಕ್ಲಾಸು.
ಮಂಡಿಯ ಪಕ್ಕದಿಂದ ಚೆಂಡು ಬಿಟ್ಟರೆ
ನೆಲ ಸವರಿಕೊಂಡು ಹೋಗುತ್ತದೆ.
ತೋಡಿನಾಚೆ ಆಟ. ತೆಂಗಿನ ಕೊತ್ತಳಿಗೆಯ ಬ್ಯಾಟು,
ಮೂರು ಕಲ್ಲಿನ ವಿಕೆಟ್ಟು.
ಚೆಂಡು ಎಲ್ಲಿಂದ ಎಂದು ನಾನು ಕೇಳಿರಲಿಲ್ಲ.
ಚೂರಿ ಹೇಗೂ ಅಳಿಯಕಟ್ಟಿನ ಲೆಕ್ಕದಲ್ಲಿ
ಅವಳಿಗೇ ಸೇರಬೇಕಾದ್ದು.

ಇವತ್ತು ಏಳನೇ ಸಲ.
ಸೂಜಿಗೆ ನೂಲು ಸುತ್ತುತ್ತಾ ಕೂತಿದ್ದೇನೆ.
ಒಳಗೆ ಯತಿರಾಜನ ಟೀಮು,
ಗಂಟೆ ಮುಗಿಯಲು ಇನ್ನು ಹತ್ತು ನಿಮಿಷ,
ಯಾರೂ ಬೂಟಿನ ಲೇಸು ಕಟ್ಟಲೂ ನಿಲ್ಲುವುದಿಲ್ಲ.
ಈ ಸಲವಾದರೂ ಗಟ್ಟಿ ಉಂಟಾ? ಕೇಳಿದರು ಸೋಜರು.
ನೂಲು ಗಟ್ಟಿ ಉಂಟು, ಅಂದೆ.

ಕೊನೆಯ ಗಂಟಿಗೆ ಮೊದಲು ಕೈ ಇಟ್ಟು ನೋಡಿದೆ.
ಚೆಂಡಿಗೆ ನಾಲ್ಕು ಬೆರಳು.

ಮುನ್ನೂರು ಎಣಿಸಿಕೊಂಡು, ಚಾ ಕುಡಿದು ಹೊರಟೆ.
ತೋಡಿನಾಚೆ ಯಾರೋ ಔಟ್ ಎಂದು ಕಿರುಚಿದರು.
ಯಾರೋ ಅಲ್ಲವೇ ಅಲ್ಲ ಎಂದರು.