ಏಳಡಿ ನಾಲ್ಕಿಂಚು

ನಮ್ಮೂರಲ್ಲಿ ಕಡಲಿನ ಹೆಸರು ಬರೆದಿರುವುದು ಒಂದೇ ಕಡೆ:
ಹಾಸನ ರೈಲು ನಿಲ್ದಾಣದ ಹಳದಿ ಫಲಕದ ಅಡಿಯಲ್ಲಿ,
ಸಮುದ್ರಮಟ್ಟದಿಂದ ಇಷ್ಟು ಮೀಟರು ಎಂದು.
ಅಷ್ಟನ್ನೂ ನಾನು ಇಳಿಸಬೇಕು, ಒಂದು ದೋಣಿಯನ್ನು,
ಮುರಿಯದಂತೆ, ಸಾಲವಾಗದಂತೆ.

ಮೊದಲ ಗೆರೆ ಹಾಕಿಕೊಟ್ಟದ್ದು ಗೇಟು.
ಪೆನ್ಷನ್ ಮೊಹಲ್ಲಾದ ನಮ್ಮ ಕಾಂಪೌಂಡಿನ ಗೇಟು
ಏಳಡಿ ನಾಲ್ಕಿಂಚು. ಆಚೆಗೆ ಮೋರಿ, ಲೈಟುಕಂಬ.
ಎಂಟಡಿ ಅಗಲವಿದ್ದರೆ ಅಲೆಯ ಮೇಲೆ ನೆಟ್ಟಗೆ ಕೂರುತ್ತದೆ ದೋಣಿ,
ಏಳಡಿಗೆ ತುಸು ಹೊಯ್ದಾಡುತ್ತದೆ.
ಮೂರು ರಾತ್ರಿ
ಆ ಹನ್ನೆರಡು ಇಂಚಿನಲ್ಲೇ ಹೊರಳಾಡಿದೆ.

ಐಟಿಐಯಲ್ಲಿ ಇಪ್ಪತ್ತೆರಡು ವರ್ಷ ಹುಡುಗರಿಂದ
ನಟ್ಟು ಬೋಲ್ಟಿನ ಮೂರು ಮುಖ ಬರೆಸಿದ ಕೈ ಇದು.
ದೋಣಿಯಲ್ಲಿ ಹುಡುಕಿದರೂ ಒಂದು ಲಂಬಕೋನವಿಲ್ಲ.
ಬಿದಿರ ದಬ್ಬೆ ಸೀಳಿ, ನಯಮಾಡಿ, ಬಾಗಿಸಿ,
ಅಪ್ಪನ ದಿನಸಿ ಅಂಗಡಿಯ ತೂಕದ ಕಲ್ಲುಗಳನ್ನು ಅದುಮಿಟ್ಟು
(ಮೂತಿಯ ಬಳಿ ಒಂದು ಕೇಜಿ, ಹೊಟ್ಟೆಯ ಬಳಿ ಎರಡು)
ಪೆನ್ಸಿಲ್ ಎಳೆದೆ. ದಬ್ಬೆ ಒಪ್ಪದ ಕಡೆ ನಾನೇ ಸೋತೆ.
ಬಲವಂತ ಮಾಡಿದರೆ ಪ್ಲೈವುಡ್ಡೂ ಹಾಗೆಯೇ,
ಟಪ್ಪೆಂದು ಹೇಳಿಬಿಡುತ್ತದೆ.

ಸಿದ್ಧಲಿಂಗಾಚಾರಿ ಬಾಗಿಲು ಮಾಡಿದವರು, ಎತ್ತಿನಗಾಡಿ ಮಾಡಿದವರು.
ಮೊದಲು ಕೇಳಿದ್ದೇ, ಆಯ ಯಾವುದು?
ಮನೆಯಲ್ಲವಲ್ಲ ಆಚಾರ್ರೇ, ಎಂದೆ.
ಒಳಗೆ ಮಲಗ್ತೀರಲ್ಲ, ಎಂದರು.
ಹೆಬ್ಬಲಸೇ ಬೇಕು, ನೀರಿಗೆ ಅದೇ ಹಿರಿಯಣ್ಣ ಎಂದವರು
ಬೆಲೆ ಕೇಳಿಕೊಂಡು ಬಂದು ಸುಮ್ಮನೆ ಬೀಡಿ ಹಚ್ಚಿದರು.
ಸಕಲೇಶಪುರದ ತೋಟದ ಸಿಲ್ವರ್ ಮರ ಅಗ್ಗ, ಹಗುರ;
ಎರಡೇ ಮಳೆಗಾಲಕ್ಕೆ ನೆನೆದ ಅವಲಕ್ಕಿ.
ಕೊನೆಗೆ ಬೆನ್ನುಮೂಳೆಗೆ ಮಾತ್ರ ಹೆಬ್ಬಲಸು,
ಸಂತೇಪೇಟೆಯಲ್ಲಿ ಯಾರದೋ ಅಟ್ಟ ಕೆಡವಿದಾಗ ಸಿಕ್ಕಿದ ತೊಲೆ,
ಮೊಳೆಯ ತೂತುಗಳ ಸಮೇತ.

ಇಲಿಯಾಸ್ ಹಳೇ ಓಮ್ನಿಯ ಅಚ್ಚು ತಂದಿಟ್ಟಿದ್ದಾನೆ.
ಐನೂರು ಕೇಜಿ ದಾಟಿಸಬೇಡಿ ಮೇಡಂ,
ಶಿರಾಡಿ ಇಳಿಯುವಾಗ ನಿಮ್ಮ ದೋಣಿ
ನಿಮ್ಮ ಬೊಲೆರೋನ ಓವರ್‌ಟೇಕ್ ಮಾಡ್ತದೆ.
ಐನೂರರಲ್ಲಿ ಕಳೆಯುತ್ತ ಹೋದೆ:
ಪಟ, ಮಡಚುವ ಕಂಬ, ಲಂಗರು, ನೀರಿನ ಕ್ಯಾನು, ಸ್ಟೋವು,
ನಾನು, ತಂಗಿ ವಿಮಲಾಕ್ಷಿ.
ನೀವಿಬ್ಬರು ಜೀಪಲ್ಲಿ ಕೂತಿರ್ತೀರಲ್ಲ ಎಂದ ಇಲಿಯಾಸ್.
ಹಾಗೆ ನೂರಿಪ್ಪತ್ತು ಕೇಜಿ ವಾಪಸು ಬಂತು.

ವಿಮಲಾಕ್ಷಿ ಬ್ಯಾಂಕಿನಲ್ಲಿ ಕ್ಯಾಷಿಯರ್.
ನಕ್ಷೆಯನ್ನು ಖೋಟಾ ನೋಟಿನಂತೆ ಬೆಳಕಿಗೆ ಹಿಡಿದು,
ಬಕೆಟ್ ಎಲ್ಲಿ, ಪರದೆ ಎಲ್ಲಿ, ಎಂದಳು.
ಮಲ್ಪೆಯಿಂದ ಕಾರವಾರಕ್ಕೆ ದಂಡೆ ಬಿಡದೆ ಎಂಟು ದಿನ.
ಮೂತಿಯ ಕಡೆ ಹದಿನೆಂಟಿಂಚು ಅವಳಿಗೆ ಬಿಟ್ಟೆ.
ಲಂಗರು ಹಿಂದೆ ಸರಿಯಿತು.
ಗಂಗೊಳ್ಳಿ, ತದಡಿಯ ಅಳಿವೆಗಳಲ್ಲಿ ಇಳಿತದ ಹೊತ್ತು
ಮೊಣಕಾಲುದ್ದ ನೀರಂತೆ. ಅದಕ್ಕೆ ನಡುಹಲಗೆ
ಎತ್ತಿಕೊಳ್ಳುವಂಥದ್ದು, ನೆರಿಗೆ ಎತ್ತಿ ಹೊಳೆ ದಾಟಿದ ಹಾಗೆ.

ಹತ್ತಕ್ಕೊಂದು ಅಳತೆಯಲ್ಲಿ ರಟ್ಟು ಕತ್ತರಿಸಿ, ಮೇಣ ಬಳಿದು,
ಭಾನುವಾರ ಬೆಳಿಗ್ಗೆ ಸಂಪಿನ ಮುಚ್ಚಳ ತೆಗೆದು ಬಿಟ್ಟೆವು.
ಬೆರಳಿಂದ ಒರಗಿಸಿದೆ.
ಒರಗಿತು, ಯೋಚಿಸಿತು,
ಎದ್ದು ಕೂತಿತು.
ಏಳಡಿಯೇ ಸಾಕು. ಆಚೀಚೆ ಎರಡೆರಡು ಇಂಚು, ಬೆರಳು ತೂರಲಿಕ್ಕೆ.
ಮೊದಲೇ ಹೇಳಿದ್ರೆ ಗೇಟು ಕಿತ್ತು ಹಾಕಬಹುದಿತ್ತಲ್ಲ,
ಎಂದರು ಆಚಾರಿ.

ಆಮೇಲೆ: ಕಡಲ ನೀರು ಇದಕ್ಕಿಂತ ಭಾರ ಅಂತಾರೆ, ಹೌದಾ?
ಟಬ್ಬಿಗೆ ನೀರು ತುಂಬಿ, ಲೀಟರಿಗೆ ಮೂವತ್ತೈದು ಗ್ರಾಂ ಕಲ್ಲುಪ್ಪು
ಅಪ್ಪನ ತಕ್ಕಡಿಯಲ್ಲೇ ತೂಗಿ, ಕದಡಿ, ದೋಣಿ ಇಟ್ಟೆ.
ಒಂದು ಕೂದಲೆಳೆ ಮೇಲೆದ್ದಿತು.
ಕನ್ನಡಕ ಹಾಕಿಕೊಂಡರೆ ಕಂಡೀತು.
ಎಪ್ಪತ್ತೊಂದರ ಆಚಾರಿ ಕಡಲು ನೋಡಿದವರಲ್ಲ.
ಬೆರಳದ್ದಿ ನಾಲಿಗೆಗಿಟ್ಟು, ಥೂ ಎಂದು,
ಕೈ ಸ್ವಲ್ಪ ಜಾಸ್ತಿಯಾಯ್ತು ಮೇಡಮ್ಮೋರೆ, ಎಂದು,
ಕಿವಿಯ ಮೇಲಿನ ಪೆನ್ಸಿಲ್ ತೆಗೆದು
ತೊಲೆಯ ಮೇಲೆ ಮೊದಲ ಗುರುತು ಹಾಕಿದರು.