ಬಿಳಿ ಗೆರೆ

ಎಲ್ಗಿನ್ನಿನಿಂದ ಬಸ್ಸು. ಮೇಲಂತಸ್ತಿನ ಮುಂದಿನ ಸೀಟು.
ಬಾರ್ಲಿ ಹೊಲ, ಕುರಿ, ಮತ್ತೆ ಬಾರ್ಲಿ ಹೊಲ,
ಥಟ್ಟನೆ ರಸ್ತೆ ಮುಗಿದು ನೀರು.
ನಕಾಶೆಯಲ್ಲಿ ಈ ಊರಿನ ಹೆಸರು ಗೇಣುದ್ದ,
ಬಾಯಲ್ಲಿ ಅದರರ್ಧ. ಉಳಿದದ್ದನ್ನು
ಗಾಳಿ ತಿಂದಿರಬೇಕು.

ಇಶ್‌ಬೆಲ್ ಫ್ಲೆಟ್ ಸ್ಟಾಪಿಗೆ ಬಂದಿರಲಿಲ್ಲ.
ಹದಿನಾರು ವರ್ಷ ಒಂದೇ ವಾರ್ಡಿನಲ್ಲಿ ರಾತ್ರಿಪಾಳಿ ಕಳೆದವರು ನಾವು;
ಅವಳು ಯಾರನ್ನೂ ಎದುರುಗೊಳ್ಳುವುದಿಲ್ಲ, ಬೀಳ್ಕೊಡುವುದೂ ಇಲ್ಲವೆಂದು
ನನಗೆ ನೆನಪಿರಬೇಕಿತ್ತು.
ಬಂದರಿನ ಕಟ್ಟೆಯ ಮೇಲೆ ಕೂತಿದ್ದ ಮುದುಕನನ್ನು ಕೇಳಿದೆ.
"ಯಾವ ಫ್ಲೆಟ್?" ಎಂದ.
ಸ್ಮಶಾನದಲ್ಲಿ ಅರ್ಧ ಫ್ಲೆಟ್ಟುಗಳು, ಬಂದರಿನಲ್ಲಿ ಇನ್ನರ್ಧ,
ಅದಕ್ಕೇ ಮನೆಗೊಂದು ಅಡ್ಡಹೆಸರು,
ಯಾವ ತಾತನ ಯಾವ ತಪ್ಪಿಗೆ ಬಿದ್ದದ್ದೋ.
ನಾನು ಅವಳ ನಡಿಗೆ ನಡೆದು ತೋರಿಸಿದೆ,
ಎಡಗಾಲು ತುಸು ಹೊರಗೆ.
"ಓ, ಕೂಪಿ ಫ್ಲೆಟ್! ಏಣಿಯ ಮೇಲಿದ್ದಾಳೆ."

ಏಣಿಯ ಮೇಲೇ ಇದ್ದಳು.
ಇಲ್ಲಿನ ಮನೆಗಳು ಕಡಲಿಗೆ ಎದೆ ಕೊಡುವುದಿಲ್ಲ,
ಭುಜ ಕೊಟ್ಟು ನಿಲ್ಲುತ್ತವೆ.
ಗೋಡೆಗೆ ಕಡುನೀಲಿ, ಕಲ್ಲು ಕಲ್ಲಿನ ಸಂದಿಗೆ ಬಿಳಿ ಗೆರೆ,
ಕಾಪಿಪುಸ್ತಕದಷ್ಟು ಅಚ್ಚುಕಟ್ಟು.
ಚಳಿಗಾಲವಿಡೀ ಉಪ್ಪು ನೆಕ್ಕುತ್ತದೆ,
ವಸಂತಕ್ಕೆ ಇವಳು ಏಣಿ ಹತ್ತುತ್ತಾಳೆ.
"ಫಿಟ್ ಲೈಕ್?" ಎಂದಳು ಮೇಲಿನಿಂದ. ಹೇಗಿದ್ದೀ ಅಂತ.
ಉತ್ತರಕ್ಕೆ ಮೊದಲೇ ಒಂದು ಕುಂಚ ಕೆಳಗೆ ಬಂತು.

ಮಧ್ಯಾಹ್ನ ಹೊಗೆ ಹಿಡಿಸಿದ ಹ್ಯಾಡಕ್ ಮೀನು, ಹಾಲು, ಆಲೂಗಡ್ಡೆಯ ಸಾರು.
ನನಗೆಂದೇ ಕಾಳುಮೆಣಸು ತಂದಿಟ್ಟಿದ್ದಳು, ಪೊಟ್ಟಣ ಒಡೆದಿರಲಿಲ್ಲ.
ಒಡೆಯದ್ದು ಇನ್ನೊಂದೂ ಇತ್ತು:
ಗಡಿಯಾರದ ಹಿಂದೆ, ಉದ್ದನೆಯ ಲಕೋಟೆ,
ಮೂಲೆಯಲ್ಲಿ ನಾವಿಬ್ಬರೂ ದುಡಿದ ಆಸ್ಪತ್ರೆಯ ಮುದ್ರೆ.
ಅಂಥವನ್ನು ಎಷ್ಟು ಜನರ ಮಂಚದ ಪಕ್ಕ ಕೂತು
ಓದಿ ಹೇಳಿಲ್ಲ ನಾವು.
ನಾನು ನೋಡಿದ್ದನ್ನು ಅವಳು ನೋಡಿದಳು.

"ನಮ್ಮಪ್ಪನ ದೋಣಿಯಲ್ಲಿ ಸಾಲ್ಮನ್ ಅನ್ನುವಂತಿರಲಿಲ್ಲ,
ಕೆಂಪು ಮೀನು ಅನ್ನಬೇಕು.
ಹಂದಿಯನ್ನೂ ಪಾದ್ರಿಯನ್ನೂ ಹೆಸರು ಹಿಡಿದು ಕರೆಯಬಾರದು.
ಬಾಯಿ ತಪ್ಪಿತೋ, ಕಬ್ಬಿಣ ಮುಟ್ಟಬೇಕು."
"ನಮ್ಮಲ್ಲಿ ರಾತ್ರಿ ಹೊತ್ತು ಹಾವಿಗೆ ಹುಳ ಅನ್ನುತ್ತೇವೆ."
"ಹಾವು ಮೋಸಹೋಗುತ್ತದೆಯೇ?"
"ಅದಕ್ಕೆ ಕಿವಿಯೇ ಇಲ್ಲವಂತೆ."
ಜೋರಾಗಿ ನಕ್ಕಳು. ನಗುತ್ತಲೇ ಅವಳ ಕೈ
ಒಲೆಯ ಕಬ್ಬಿಣದ ಹಿಡಿಯ ಮೇಲೆ ಹೋಗಿ ಕೂತಿತು.

ಸಂಜೆ ಕಡಲಿನಿಂದ ಮಂಜು ನಡೆದು ಬಂತು.
"ಹಾರ್ ಬಂತು" ಎಂದಳು. ಇಲ್ಲಿ ಅದಕ್ಕೆ ಅದೇ ಹೆಸರು.
ನನ್ನ ಕೈ ಕೊರಳಿಗೆ ಹೋಯಿತು, ಭಾಷೆ ತಪ್ಪಿ.
ಮೊದಲು ದೀಪಸ್ತಂಭ ಹೋಯಿತು, ಆಮೇಲೆ ದೋಣಿಗಳು, ಮುದುಕ,
ಕೊನೆಗೆ ಏಣಿಯ ಮೇಲಿನರ್ಧ.
ಹಸಿಯಲ್ಲಿ ಬಣ್ಣ ಹಿಡಿಯುವುದಿಲ್ಲವೆಂದು
ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು; ಆದರೂ ಇಳಿಯಲಿಲ್ಲ.
ನಾನು ಏಣಿ ಹಿಡಿದಿದ್ದೆ. ಮೇಲೆ ಅವಳಿದ್ದಾಳೆಂಬುದಕ್ಕೆ
ಆಗಾಗ ತೊಟ್ಟಿಕ್ಕುವ ಬಿಳಿಯೇ ಸಾಕ್ಷಿ.
"ನಾನು ಓದಲೇ?" ಎಂದು ಒಮ್ಮೆ ಕೇಳಿದೆ.
ಮಂಜನ್ನು ಕೇಳಿದೆ ಅನ್ನಬೇಕು.
ಇನ್ನೊಂದು ಹನಿ ಬಿತ್ತು, ಮಣಿಕಟ್ಟಿನ ಮೇಲೆ, ತಣ್ಣಗೆ.

ಬೆಳಗಿನ ಬಿಸಿಲಲ್ಲಿ ನೋಡಿದರೆ
ಬಾಗಿಲ ಎಡಕ್ಕೆ, ಮೊಣಕಾಲೆತ್ತರದಲ್ಲಿ, ನಾನೆಳೆದ ಗೆರೆ
ಸಂದಿ ಬಿಟ್ಟು ಕಲ್ಲಿನ ಮೇಲೇ ಹೋಗಿತ್ತು,
ಕುಡಿದವನ ದಾರಿ.
ಒರೆಸಲು ಬಟ್ಟೆ ತಂದೆ. ತಡೆದಳು.
"ಇರಲಿ ಬಿಡು. ಮುಂದಿನ ವಸಂತಕ್ಕೆ ಬಂದು
ನೀನೇ ಸರಿಮಾಡು."

ಮುಂದಿನ ವಸಂತ ಎಂದಳು,
ಹೆಸರು ಹಿಡಿದೇ.

ಸ್ಟಾಪಿಗೆ ಬರಲಿಲ್ಲ, ಬರುತ್ತಾಳೆಂದು ನಾನೂ ತಿರುಗಲಿಲ್ಲ.
ಚಿಲ್ಲರೆ ಸಾಲದೆ ಡ್ರೈವರನಿಂದ ಎರಡು ಮಾತು ಕೇಳಿಸಿಕೊಂಡು
ಮೇಲೆ ಹತ್ತಿದೆ. ಮುಂದಿನ ಸೀಟಿನ ಕಂಬಿ
ಕಬ್ಬಿಣದ್ದು.
ಎಲ್ಗಿನ್ ಬರುವವರೆಗೂ ಕೈ ಬಿಡಲಿಲ್ಲ.